ಮೊಲ ಕಡಿಮೆಯಾದದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ

ಮೊಲ, ನರಿ, ಮುಂಗುಸಿ, ಕಾಡುಬೆಕ್ಕು, ಮುಳ್ಳುಹಂದಿ, ಹೊಲದ ಇಲಿ: ಈ ಸಣ್ಣ ಸಸ್ತನಿಗಳ ಸಂಖ್ಯೆ ಏರಿದರೂ ಇಳಿದರೂ ಅದನ್ನು ಮೊದಲು ಗಮನಿಸುವವರು ಹಳ್ಳಿಯ ಬೇಟೆಗಾರರು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದವರೆಗಿನ ಊರುಗಳಲ್ಲಿ ಬೇಟೆಯ ನೆನಪಿರುವ ಹಿರಿಯರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಬಗೆಯ ಉತ್ತರ ಬರುತ್ತದೆ. ಮೊಲ ಮೊದ್ಲಿನಂಗ ಇಲ್ಲ, ನರಿ ಕಾಣೋದೇ ಕಡಿಮಿ ಆಗ್ಯದ, ಹಂದಿ ಮಾತ್ರ ಭಾಳ ಆಗ್ಯಾವ, ಇಲಿಗಳದು ಒಂದೊಂದು ವರ್ಷ ಒಂದೊಂದು ಥರ. ಈ ಮಾತನ್ನು ಒರೆಗೆ ಹಚ್ಚಲು ಬೇಕಾದ ಲೆಕ್ಕ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಹುಲಿಗೆ 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶವ್ಯಾಪಿ ಗಣತಿ ಇದೆ, ಆನೆಗೂ ಇದೆ. ತೊಗರಿ ಹೊಲದ ಬದುವಿನಲ್ಲಿ ಮಲಗುವ ಮೊಲಕ್ಕೆ ಅಂಥದ್ದಿಲ್ಲ. ಹಾಗಾಗಿ ಬೇಟೆಗಾರನ ನೆನಪೇ ಸದ್ಯಕ್ಕೆ ಉಳಿದಿರುವ ದಾಖಲೆ. ಅದನ್ನು ಕಟ್ಟುಕತೆ ಎಂದು ತಳ್ಳಿಹಾಕುವುದೂ ತಪ್ಪು, ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪುವುದೂ ತಪ್ಪು. ಅದನ್ನು ಓದುವುದಕ್ಕೆ ಒಂದು ಕ್ರಮವಿದೆ.

ಮೊದಲು ನೆಲದ ವಿಚಾರ. ಕಲಬುರಗಿ ನಗರದ ಸುತ್ತ ಎರೆಭೂಮಿ ಹೆಚ್ಚು. ಕಮಲಾಪುರ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ. ಬೀದರ, ಹುಮನಾಬಾದ್ ಕಡೆಯಿಂದ ಇಳಿದುಬರುವ ಜಂಬಿಟ್ಟಿಗೆ ಕಲ್ಲಿನ ದಿಬ್ಬಗಳು ಕಾಣಿಸಿಕೊಳ್ಳುತ್ತವೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಮಣ್ಣಿನಲ್ಲಿ. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯ, ಬೆಣ್ಣೆತೊರಾ ಹೊಳೆ, ಅವುಗಳಿಗೆ ಸೇರುವ ಹಳ್ಳಗಳು, ಹಳ್ಳದ ದಂಡೆಯ ಕಂಟಿ, ಗುಡ್ಡದ ಮೇಲಿನ ಗಾಯರಾಣ (ಗೋಮಾಳ), ತಾಂಡಾಗಳ ಸುತ್ತಲಿನ ಕುರುಚಲು ಇವೆಲ್ಲ ಸೇರಿ ಸಣ್ಣ ಪ್ರಾಣಿಗಳಿಗೆ ಮನೆಯಾಗಿವೆ. ಇನ್ನೂ ಪೂರ್ವಕ್ಕೆ ಹೋದರೆ ಚಿಂಚೋಳಿ ವನ್ಯಜೀವಿ ಧಾಮ. 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಆ ಒಣಕಾಡಿನಲ್ಲಿ ತೋಳ, ಕತ್ತೆಕಿರುಬ, ನರಿ, ಕೊಂಡುಕುರಿಗಳಿವೆ. ಆದರೆ ಸಣ್ಣ ಪ್ರಾಣಿಗಳ ಬಹುಪಾಲು ಬದುಕು ಧಾಮದ ಗಡಿಯ ಹೊರಗೆ, ರೈತನ ಪಟ್ಟಾ ಜಮೀನಿನಲ್ಲಿ ಮತ್ತು ಸರ್ಕಾರದ ಕಡತದಲ್ಲಿ ಪಾಳುಭೂಮಿ ಎಂದು ಬರೆದಿರುವ ಹುಲ್ಲುಗಾವಲಿನಲ್ಲಿ ಸಾಗುತ್ತದೆ. ಅಲ್ಲಿ ಅರಣ್ಯ ಸಿಬ್ಬಂದಿ ಗಸ್ತು ತಿರುಗುವುದು ಅಪರೂಪ. ತಿರುಗುವವರು ಕುರಿಗಾಹಿ, ರಾತ್ರಿ ಹೊಲ ಕಾಯುವವ ಮತ್ತು ಬೇಟೆಗಾರ.

ಬೇಟೆ ಎಂದರೆ ಒಂದೇ ಬಗೆಯಲ್ಲ. ಬೇಡ ಸಮುದಾಯದವರಿಗೆ ಸುರಪುರ ಸಂಸ್ಥಾನದ ಕಾಲದಿಂದ ಬಂದ ಬೇಟೆಯ ನೆನಪಿದೆ. ಹರಣಶಿಕಾರಿ ಮತ್ತು ಪಾರ್ಧಿಗಳಿಗೆ ಅದು ಹೊಟ್ಟೆಪಾಡಾಗಿತ್ತು; ಬ್ರಿಟಿಷರ 1871ರ ಕಾಯ್ದೆಯ ಬಲದಿಂದ ಇಂಥ ಅಲೆಮಾರಿ ಸಮುದಾಯಗಳಿಗೆ ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿ ಬಿತ್ತು, ಅದು ಕಳಚಿದ್ದು 1952ರಲ್ಲಿ. ವಡ್ಡರಿಗೆ ಕೆರೆ ಅಗೆಯುವ, ಕಲ್ಲು ಒಡೆಯುವ ಕೆಲಸದ ನಡುವೆ ಇಲಿ ಬಿಲ ಅಗೆಯುವುದು ಆಹಾರದ ದಾರಿಯಾಗಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಮಾನವಶಾಸ್ತ್ರಜ್ಞ ಕೈಲಾಶ್ ಮಲ್ಹೋತ್ರಾ 1980ರ ದಶಕದ ಆರಂಭದಲ್ಲಿ ಪಶ್ಚಿಮ ಮಹಾರಾಷ್ಟ್ರದ ಇಂಥ ಅಲೆಮಾರಿಗಳ ಬಗ್ಗೆ ಬರೆದದ್ದು ಇಲ್ಲಿಗೂ ಬೆಳಕು ಚೆಲ್ಲುತ್ತದೆ. ನಂದಿವಾಲರು ನಾಯಿಗಳ ಜೊತೆ ಹಂದಿ, ಮುಳ್ಳುಹಂದಿ, ಉಡಗಳ ಬೆನ್ನುಹತ್ತುತ್ತಿದ್ದರು. ವೈದುಗಳು ಮುಂಗುಸಿ, ಬೆಕ್ಕಿನ ಜಾತಿಯ ಸಣ್ಣ ಪ್ರಾಣಿಗಳನ್ನು ಹಿಡಿಯುತ್ತಿದ್ದರು. ಫಾಸೆಪಾರ್ಧಿಗಳು ಉರುಳು ಹಾಕಿ ಚಿಗರಿ ಮತ್ತು ಹಕ್ಕಿಗಳನ್ನು ಹಿಡಿಯುತ್ತಿದ್ದರು. ಒಂದೇ ಬಯಲಿನಲ್ಲಿ ತಿರುಗಿದರೂ ಒಬ್ಬರ ಬೇಟೆಗೆ ಇನ್ನೊಬ್ಬರು ಅಡ್ಡ ಬರುತ್ತಿರಲಿಲ್ಲ. ಅಂದರೆ ಪ್ರತಿ ಸಮುದಾಯಕ್ಕೂ ತನ್ನ ಪ್ರಾಣಿಯ ಬಗ್ಗೆ ಆಳವಾದ ತಿಳಿವಳಿಕೆ ಇತ್ತು, ಉಳಿದವುಗಳ ಬಗ್ಗೆ ಮೇಲುಮೇಲಿನದು. ಮುಳ್ಳುಹಂದಿಯ ವಿಚಾರವನ್ನು ಹಕ್ಕಿ ಹಿಡಿಯುವವನನ್ನು ಕೇಳಿ ಬರೆದುಕೊಂಡರೆ ಉತ್ತರ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಬೇಟೆಗಾರ ಪ್ರಾಣಿಯನ್ನು ನೋಡುವುದಕ್ಕಿಂತ ಅದರ ಗುರುತುಗಳನ್ನು ಓದುವುದೇ ಹೆಚ್ಚು. ಮೊಲ ಬಿಲ ತೋಡುವುದಿಲ್ಲ. ಹುಲ್ಲು ಅಥವಾ ಕಂಟಿಯ ಬುಡದಲ್ಲಿ ಮೈಯಗಲದ ತಗ್ಗು ಮಾಡಿಕೊಂಡು ಹಗಲೆಲ್ಲ ಅಲುಗಾಡದೆ ಕೂರುತ್ತದೆ. ಆ ತಗ್ಗಿನ ಮಣ್ಣು ನುಣುಪಾಗಿದೆಯೇ, ಪಕ್ಕದ ಹಿಕ್ಕೆ ಹಸಿಯಾಗಿದೆಯೇ, ಕಡಲೆ ಗಿಡದ ತುದಿ ಕತ್ತರಿಯಿಂದ ಕತ್ತರಿಸಿದಂತೆ ಓರೆಯಾಗಿ ತುಂಡಾಗಿದೆಯೇ ಎಂದು ಅವನು ನೋಡುತ್ತಾನೆ. ಮುಳ್ಳುಹಂದಿ ಬಂದುಹೋದ ಕಡೆ ಗೆಡ್ಡೆ ಕಿತ್ತ ಗುಂಡಿ, ಗುಹೆಯ ಬಾಯಿಯಲ್ಲಿ ಕಡಿದ ಎಲುಬು, ಉದುರಿದ ಮುಳ್ಳು ಇರುತ್ತವೆ. ಹೊಲದ ಇಲಿಯ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಒಳಗೆ ಇಲಿ ಇದೆ. ಜೇಡರ ಬಲೆ ಕಟ್ಟಿದ್ದರೆ ಬಿಲ ಖಾಲಿ. ಈ ಓದು ಸೂಕ್ಷ್ಮವಾದದ್ದು. ಕ್ಯಾಮೆರಾ ಹಿಡಿದು ಹೋಗುವ ಸಂಶೋಧಕನೂ ಕೊನೆಗೆ ಇದೇ ಗುರುತುಗಳನ್ನೇ ಅವಲಂಬಿಸುತ್ತಾನೆ.

ಕನ್ನಡ ನಾಡಿನಲ್ಲಿ ಬೇಟೆಗಾರರ ಇಂಥ ತಿಳಿವಳಿಕೆ ವಿಜ್ಞಾನದ ಪುಟಕ್ಕೆ ಏರಿದ ಅತಿ ಹಳೆಯ ಉದಾಹರಣೆಗಳಲ್ಲೊಂದು ಧಾರವಾಡ ಸೀಮೆಯದು. ಅದನ್ನು ಬರೆದವರು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿ, ಆಮೇಲೆ ಬಿಡುಗಡೆಯಾದ ಇಬ್ಬರು ಯುವ ಅಧಿಕಾರಿಗಳಲ್ಲಿ ಇವರೂ ಒಬ್ಬರು. ಮುಂದೆ ಕಲ್ಯಾಣದ ಚಾಲುಕ್ಯರದೂ ಸೇರಿ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದವರೂ ಇವರೇ. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಬಗ್ಗೆ ಅವರು ಸಿದ್ಧಪಡಿಸಿದ ಪಟ್ಟಿ 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಪ್ರಾಣಿಗಳ ಸ್ಥಳೀಯ ಹೆಸರುಗಳನ್ನು, ಅವುಗಳ ನಡೆನುಡಿಯನ್ನು ವಡ್ಡರು ಮತ್ತಿತರ ಬೇಟೆಗಾರರಿಂದ ಕೇಳಿ ದಾಖಲಿಸಿದ್ದಾರೆ. ಎರೆಹೊಲದ ಮೃದು ತುಪ್ಪಳದ ಇಲಿಯೊಂದರ ಬಗ್ಗೆ ಅಲ್ಲಿರುವ ಟಿಪ್ಪಣಿ ಇಂದಿಗೂ ಓದುವಂಥದ್ದು.

ಆ ಇಲಿ ತಾನಾಗಿ ಆಳದ ಬಿಲ ತೋಡುವುದಿಲ್ಲ. ಪೊದೆಯ ಬುಡ, ಹೊಲದ ಕಲ್ಲುಗುಪ್ಪೆ, ಬೇರೆ ಇಲಿ ಬಿಟ್ಟುಹೋದ ಬಿಲ ಅಥವಾ ಬೇಸಿಗೆಯಲ್ಲಿ ಎರೆಮಣ್ಣು ಬಿರಿದಾಗ ಆಗುವ ಆಳದ ಬಿರುಕು, ಇಷ್ಟೇ ಅದರ ಆಸರೆ. ಮುಂಗಾರಿನ ಮೊದಲ ಜೋರು ಮಳೆಗೆ ಆ ಬಿರುಕುಗಳು ಕುಸಿದು ಮುಚ್ಚಿಕೊಂಡಾಗ ಪ್ರತಿ ವರ್ಷ ಲೆಕ್ಕವಿಲ್ಲದಷ್ಟು ಇಲಿಗಳು ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಅವು ಬಿತ್ತಿದ ಬೀಜವನ್ನು ಮೊಳೆಯುವ ಮೊದಲೇ ತಿಂದವು. ಬೆಳೆ ಬಂದ ಮೇಲೆ ಜೋಳದ ದಂಟು ಹತ್ತಿ ತೆನೆ ಕಡಿದು ಕೆಡವಿದವು. ಕಂದಾಯ ಕಟ್ಟಲಾಗದಷ್ಟು ಹೊಲಗಳು ಹಾಳಾದವು. ರೈತರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಕೂಲಿ ಗೊತ್ತಾಯಿತು. ವಡ್ಡರು ಸಾವಿರಗಟ್ಟಲೆ ಇಲಿ ಕೊಂದರೂ ಸಂಖ್ಯೆ ಇಳಿದದ್ದು ಕಣ್ಣಿಗೆ ಕಾಣಲಿಲ್ಲ ಎಂದು ಎಲಿಯಟ್ ಬರೆದಿದ್ದಾರೆ.

ಈ ಒಂದು ಟಿಪ್ಪಣಿಯಲ್ಲಿ ಸಣ್ಣ ಪ್ರಾಣಿಗಳ ಏರಿಳಿತದ ಅರ್ಧ ಪಾಠವಿದೆ. ಮೂರು ವಾರದ ಆಸುಪಾಸಿನಲ್ಲಿ ಗರ್ಭ ತುಂಬಿ, ಒಂದು ಸೂಲಿಗೆ ಐದಾರು ಮರಿ ಹಾಕುವ ಪ್ರಾಣಿಯ ಸಂಖ್ಯೆಯನ್ನು ಬೇಟೆ ನಿರ್ಧರಿಸುವುದಿಲ್ಲ. ಮಳೆ, ಮಣ್ಣು, ಕಾಳು ನಿರ್ಧರಿಸುತ್ತವೆ. 1876ರಿಂದ 1878ರ ಭೀಕರ ಬರ ಕಳೆದ ಕೂಡಲೇ, 1878–79ರಲ್ಲಿ ಮುಂಬೈ ಪ್ರಾಂತ್ಯದ ದಖನ್ ಜಿಲ್ಲೆಗಳಲ್ಲಿ ಮತ್ತೆ ಇಲಿಗಳ ದಂಡು ಎದ್ದಿತು. ಬರದಲ್ಲಿ ಹದ್ದು, ಗೂಬೆ, ಹಾವು, ನರಿಗಳಂಥ ತಿನ್ನುವ ಪ್ರಾಣಿಗಳೂ ಸೊರಗಿರುತ್ತವೆ, ಅವು ಚೇತರಿಸಿಕೊಳ್ಳಲು ಕಾಲ ಬೇಕು. ಇಲಿಗೆ ಬೇಡ. ಕಲಬುರಗಿಯ ಎರೆಭೂಮಿಯೂ ಬಿರಿಯುವ ಮಣ್ಣೇ, ಇಲ್ಲಿಯ ಮಳೆಯೂ ಅಷ್ಟೇ ಚಂಚಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಳು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಇಂಥ ಎರಡು ತುದಿಗಳ ನಡುವೆ ತೂಗಾಡುವ ನೆಲದಲ್ಲಿ ಇಲಿಗಳದು ಒಂದೊಂದು ವರ್ಷ ಒಂದೊಂದು ಥರ ಎಂಬ ಮಾತು ಪೂರ್ತಿ ನಂಬುವಂಥದ್ದು. ಮಿರಗದ ಮಳೆ ಹೇಗಿತ್ತು ಎಂದು ಅದೇ ಉಸಿರಿನಲ್ಲಿ ಕೇಳಿ ಬರೆದುಕೊಂಡರೆ ಆ ಮಾತಿನ ಬೆಲೆ ಇನ್ನೂ ಹೆಚ್ಚುತ್ತದೆ.

ಮೊಲದ ವಿಷಯ ಬೇರೆ. ಅದರ ಗರ್ಭಕಾಲ ಸುಮಾರು ಆರು ವಾರ, ಒಂದು ಸೂಲಿಗೆ ಒಂದರಿಂದ ನಾಲ್ಕು ಮರಿ. ಬಿಲವಿಲ್ಲದ್ದರಿಂದ ಮರಿಗಳು ಹುಲ್ಲಿನಲ್ಲೇ ಬೆಳೆಯುತ್ತವೆ. ನಾಯಿ, ಕಾಡುಬೆಕ್ಕು, ಮುಂಗುಸಿ, ಹದ್ದು ಎಲ್ಲವುಗಳ ಬಾಯಿಗೂ ಸುಲಭದ ತುತ್ತು. ಇಲಿಯಷ್ಟು ಬೇಗ ಮೊಲ ನಷ್ಟ ತುಂಬಿಕೊಳ್ಳಲಾರದು. ಆದ್ದರಿಂದ ಬೇಟೆಯ ಒತ್ತಡ ಇಲಿಯ ಮೇಲೆ ಲೆಕ್ಕಕ್ಕಿಲ್ಲದಿದ್ದರೂ ಮೊಲದ ಮೇಲೆ ತಟ್ಟುತ್ತದೆ. ಹಿಂದೆ ಬಲೆ ಕಟ್ಟಿ, ಊರಿನ ಹತ್ತಾರು ಜನ ಸೇರಿ, ಕಂಟಿ ಬಡಿದು ಮೊಲ ಎಬ್ಬಿಸುತ್ತಿದ್ದರು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಲವೆಡೆ ಇದು ವಾಡಿಕೆಯಾಗಿತ್ತು. ಕೆಲವರ ಬಳಿ ಮುಧೋಳ ನಾಯಿಯಂಥ ಓಟದ ನಾಯಿಗಳಿದ್ದವು. ಬೇಟೆಗೆ ದಿನ ಗೊತ್ತಿತ್ತು, ಉಳಿದ ದಿನ ಮೊಲಕ್ಕೆ ಬಿಡುವು. ಎಲ್‌ಇಡಿ ಟಾರ್ಚ್ ಮತ್ತು ಮೋಟಾರ್ ಸೈಕಲ್ ಬಂದ ಮೇಲೆ ಆ ಬಿಡುವು ಹೋಯಿತು. ಕಣ್ಣಿಗೆ ಬೆಳಕು ಬಿದ್ದರೆ ಮೊಲ ಓಡದೆ ಸ್ತಬ್ಧವಾಗುತ್ತದೆ. ಇಬ್ಬರು ಹುಡುಗರು ಒಂದು ರಾತ್ರಿಯಲ್ಲಿ ಹಲವು ಊರುಗಳ ಹೊಲ ಸುತ್ತಬಲ್ಲರು.

ಬೇಟೆಗಾರನ ಮಾತು ದಾರಿ ತಪ್ಪಿಸುವುದೂ ಇಲ್ಲಿಯೇ. ರಾತ್ರಿಗೆ ಎಷ್ಟು ಮೊಲ ಸಿಕ್ಕವು ಎಂಬುದನ್ನಷ್ಟೇ ಕೇಳಿದರೆ ಇಪ್ಪತ್ತು ವರ್ಷದ ಹಿಂದಿನಷ್ಟೇ ಈಗಲೂ ಸಿಗುತ್ತವೆ ಎಂಬ ಉತ್ತರ ಬರಬಹುದು. ಅದಕ್ಕೆ ಎಷ್ಟು ದೂರ ತಿರುಗಬೇಕಾಯಿತು, ಎಷ್ಟು ಹೊತ್ತು, ಯಾವ ಸಾಧನ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಒಂದು ಹಳ್ಳದ ದಂಡೆಯಲ್ಲಿ ಸಿಗುತ್ತಿದ್ದದ್ದಕ್ಕೆ ಈಗ ನಾಲ್ಕೂರು ಸುತ್ತಬೇಕಾದರೆ ಮೊಲ ಕಡಿಮೆಯಾಗಿದೆ ಎಂದೇ ಅರ್ಥ. ಪಟ್ಟ ಶ್ರಮಕ್ಕೆ ಸಿಕ್ಕ ಬೇಟೆಯನ್ನು ತಾಳೆ ಹಾಕುವ ಈ ಪದ್ಧತಿಯನ್ನು ಮೀನುಗಾರಿಕೆಯ ವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತಿದ್ದಾರೆ. ಕೆನಡಾದ ಹಡ್ಸನ್ಸ್ ಬೇ ಕಂಪನಿ ತುಪ್ಪಳ ಕೊಂಡ ಲೆಕ್ಕದ ಪುಸ್ತಕಗಳನ್ನು ಚಾರ್ಲ್ಸ್ ಎಲ್ಟನ್ ಮತ್ತು ಮೇರಿ ನಿಕೋಲ್ಸನ್ 1942ರಲ್ಲಿ ಪರಿಶೀಲಿಸಿ, ಅಲ್ಲಿನ ಲಿಂಕ್ಸ್ ಬೆಕ್ಕುಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ ಎಂದು ತೋರಿಸಿದರು. ಹಿಮಮೊಲಗಳ ಏರಿಳಿತದ ಬೆನ್ನಿಗೇ ಅದು ನಡೆಯುತ್ತದೆ. ಬಲೆಗಾರರು ತಂದು ಒಪ್ಪಿಸಿದ ತೊಗಲುಗಳೇ ಅದಕ್ಕೆ ಆಧಾರ. ಫಿನ್ಲೆಂಡಿನಲ್ಲಿ 1980ರ ದಶಕದ ಕೊನೆಯಿಂದ ಬೇಟೆಗಾರರೇ ಗೊತ್ತಾದ ತ್ರಿಕೋನಾಕಾರದ ದಾರಿಯಲ್ಲಿ ನಡೆದು ಪ್ರಾಣಿಗಳ ಹೆಜ್ಜೆ ಎಣಿಸಿ ವಿಜ್ಞಾನಿಗಳಿಗೆ ಕೊಡುತ್ತಾರೆ. ನಮ್ಮಲ್ಲೂ ಕೃತಿ ಕಾರಂತ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂರು ವರ್ಷಗಳ ಬೇಟೆಯ ದಾಖಲೆ ಹಾಗೂ ವಸ್ತುಸಂಗ್ರಹಾಲಯದ ಮಾದರಿಗಳಿಂದ ಭಾರತದ 25 ಸಸ್ತನಿಗಳು ಎಲ್ಲೆಲ್ಲಿ ಅಳಿದವು ಎಂದು ಅಂದಾಜು ಮಾಡಿತು. ಆದರೆ ಆ ದಾಖಲೆಗಳು ದೊರೆಗಳದು, ದೊರೆಸಾಹೇಬರದು. ಅವರು ಹುಲಿ, ಚಿರತೆ ಬರೆದಿಟ್ಟರು. ಮೊಲ, ನರಿಗಳ ಲೆಕ್ಕ ಬಡ ಬೇಟೆಗಾರನ ತಲೆಯಲ್ಲಿ ಉಳಿಯಿತು, ಅವನ ಜೊತೆಗೇ ಮಣ್ಣಾಗುತ್ತಿದೆ.

ಕಂಡದ್ದನ್ನು ಬದಲಿಸುವ ಇನ್ನೊಂದು ಸಂಗತಿ ಬೆಳೆ. ಕಲಬುರಗಿ ತೊಗರಿಯ ಕಣಜ; ಇಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ದೀಪಾವಳಿಯ ಹೊತ್ತಿಗೆ ಆಳೆತ್ತರ ಬೆಳೆದು ನಿಲ್ಲುತ್ತದೆ. ಆಗ ಒಳಗೆ ಎಷ್ಟು ಮೊಲ, ಎಷ್ಟು ಹಂದಿ ಇದ್ದರೂ ಕಾಣುವುದಿಲ್ಲ. ಎಳ್ಳಮಾಸಿ ಮುಗಿದು ರಾಶಿ ಶುರುವಾದಾಗ ಕೆಲವೇ ವಾರಗಳಲ್ಲಿ ಮೈಲುಗಟ್ಟಲೆ ನೆಲ ಬೋಳಾಗುತ್ತದೆ. ಅಡಗುದಾಣ ಕಳೆದುಕೊಂಡ ಪ್ರಾಣಿಗಳೆಲ್ಲ ಹಳ್ಳದ ಕಂಟಿಗೆ, ಉಳಿದ ಜೋಳದ ಹೊಲಕ್ಕೆ, ಗುಡ್ಡದ ಅಂಚಿಗೆ ಗುಂಪಾಗುತ್ತವೆ. ಆ ದಿನಗಳಲ್ಲಿ ನೋಡಿದವನಿಗೆ ಈ ವರ್ಷ ಮೊಲ ಭಾಳ ಎನಿಸುತ್ತದೆ. ನಿಜವಾಗಿ ಸಂಖ್ಯೆ ಏರಿಲ್ಲ, ಇರುವುದೇ ಒಂದೆಡೆ ಸೇರಿದೆ. ಕೈಯಿಂದ ಕೊಯ್ಯುತ್ತಿದ್ದಾಗ ಕೊಯ್ಲು ತಿಂಗಳಾನುಗಟ್ಟಲೆ ಎಳೆಯುತ್ತಿತ್ತು, ಪ್ರಾಣಿಗಳಿಗೆ ಸರಿದುಕೊಳ್ಳಲು ವ್ಯವಧಾನವಿತ್ತು. ಯಂತ್ರದ ಕೊಯ್ಲು ಹೆಚ್ಚಿದಂತೆ ಅದೂ ಇಲ್ಲ. ಬಿಳಿಜೋಳದ ಜಾಗವನ್ನು ತೊಗರಿ, ಸೋಯಾ, ಕಬ್ಬು ಹಿಡಿಯುತ್ತಿರುವುದರಿಂದ ಹಂಗಾಮಿನಿಂದ ಹಂಗಾಮಿಗೆ ಸಿಗುತ್ತಿದ್ದ ಆಸರೆಯ ಸರಣಿಯೂ ಕಡಿದಿದೆ. ಕಬ್ಬು ಮಾತ್ರ ವರ್ಷವಿಡೀ ನಿಲ್ಲುವ ಹಸಿರು. ಅದು ಕಾಡುಹಂದಿಗೆ ಒಪ್ಪುತ್ತದೆ. ಹಂದಿ ಹೆಚ್ಚಿತು ಎಂಬ ದೂರಿನ ಹಿಂದೆ ಈ ಕಾರಣ ದೊಡ್ಡದಾಗಿದೆ.

ಬದುವಿನ ಕತೆಯನ್ನೂ ಹೇಳಬೇಕು. ಹಳೆಯ ಹೊಲಗಳಲ್ಲಿ ಬದು ಅಗಲವಾಗಿತ್ತು. ಬಾರಿ ಗಿಡ, ಜಾಲಿ, ಹುಲ್ಲು, ಕಲ್ಲುಗುಪ್ಪೆ ಅದರ ಮೇಲಿರುತ್ತಿದ್ದವು. ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋದಂತೆ ಬದು ಸಣಕಲಾಯಿತು, ಜೆಸಿಬಿ ಬಂದ ಮೇಲೆ ಕಲ್ಲುಗುಪ್ಪೆ ಹೋಯಿತು, ಕಳೆನಾಶಕ ಬಂದ ಮೇಲೆ ಹುಲ್ಲೂ ಹೋಯಿತು. ಕಾಯಿಕೊರಕದ ಹುಳುವಿಗೆ ಹೊಡೆಯುವ ಔಷಧ ನರಿ, ಮುಂಗುಸಿಗಳು ತಿನ್ನುವ ಕೀಟಗಳನ್ನೂ ಕೊಲ್ಲುತ್ತದೆ. ಇಲಿಗೆ ಇಡುವ ಬ್ರೋಮಡಿಯೋಲೋನ್‌ನಂಥ ವಿಷ ಸತ್ತ ಇಲಿಯ ಮೈಯಲ್ಲಿ ಉಳಿದು, ಅದನ್ನು ತಿಂದ ಗೂಬೆ, ಬೆಕ್ಕುಗಳನ್ನೂ ಬಾಧಿಸುತ್ತದೆ. ಬೇಟೆಗಾರನೊಬ್ಬನ ಮೇಲೆಯೇ ಎಲ್ಲ ಹೊರೆ ಹೊರಿಸುವುದು ಈ ಕಾರಣಕ್ಕೆ ನ್ಯಾಯವಲ್ಲ. ಮೊಲದ ಸಂಖ್ಯೆ ಇಳಿಯಲು ಟಾರ್ಚ್ ಕಾರಣವಾದರೂ, ಬದು ಕಿತ್ತದ್ದು ಅದಕ್ಕಿಂತ ದೊಡ್ಡ ಕಾರಣ ಎಂದು ನಂಬಲು ಸಾಕಷ್ಟು ಆಧಾರ ಕಣ್ಣೆದುರೇ ಇದೆ.

ನರಿಯ ಕುಸಿತಕ್ಕೆ ಕಾರಣ ಹೆಚ್ಚು ಸ್ಪಷ್ಟ. ಈ ಭಾಗದಲ್ಲಿ ನರಿ ಎಂದಾಗ ಎರಡು ಪ್ರಾಣಿಗಳು ಬೆರೆತುಹೋಗುತ್ತವೆ. ಎಂಟು-ಹತ್ತು ಕಿಲೋ ತೂಗುವ, ಸಂಜೆ ಗುಂಪಾಗಿ ಊಳಿಡುವ ಪ್ರಾಣಿ ಒಂದು. ಮೂರು ಕಿಲೋದ ಆಸುಪಾಸಿನ, ಬಾಲದ ತುದಿ ಕಪ್ಪಗಿರುವ, ಬಯಲಿನಲ್ಲಿ ಬಿಲ ತೋಡುವ ಗುಳ್ಳೆನರಿ ಇನ್ನೊಂದು. ಮೊದಲನೆಯದು ಬಳ್ಳಾರಿ ಜಾಲಿಯ ಪೊದೆಯಲ್ಲೂ ಊರಂಚಿನ ಕಸದಲ್ಲೂ ಬದುಕಿಕೊಳ್ಳುತ್ತದೆ. ಗುಳ್ಳೆನರಿಗೆ ಬೇಕಾದದ್ದು ತೆರೆದ ಹುಲ್ಲುಗಾವಲು ಮತ್ತು ಯಾರೂ ಉಳದ ನೆಲ. ಗಾಯರಾಣಕ್ಕೆ ಟ್ರ್ಯಾಕ್ಟರ್ ಇಳಿದಲ್ಲಿ ಅದರ ಬಿಲ ಹೋಗುತ್ತದೆ, ಮರಿಗಳೂ ಹೋಗುತ್ತವೆ. ಅದರ ಮೇಲೆ ನಾಯಿಗಳ ಕಾಟ. ಕಲಬುರಗಿಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ವಿಜ್ಞಾನಿ ಅಬಿ ತಮೀಮ್ ವನಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಈ ವಿಷಯದಲ್ಲಿ ಮುಖ್ಯ. ನಾಯಿ ಹತ್ತಿರವಿದ್ದರೆ ಗುಳ್ಳೆನರಿ ಎದುರಿಗಿದ್ದ ಆಹಾರವನ್ನೂ ಬಿಟ್ಟುಕೊಡುತ್ತದೆ, ನಾಯಿಗಳು ಓಡಾಡುವ ಜಾಗದಿಂದ ದೂರ ಸರಿಯುತ್ತದೆ. ಊರ ನಾಯಿಗಳಲ್ಲಿ ಡಿಸ್ಟೆಂಪರ್, ಪಾರ್ವೋದಂಥ ವೈರಾಣು ರೋಗಗಳು ವ್ಯಾಪಕವಾಗಿದ್ದು, ಗುಳ್ಳೆನರಿಗಳಿಗೂ ಅವುಗಳ ಸೋಂಕು ತಗಲಿದ್ದಕ್ಕೆ ರಕ್ತಪರೀಕ್ಷೆಯಲ್ಲಿ ಸಾಕ್ಷಿ ಸಿಕ್ಕಿತು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಬೀದಿನಾಯಿಗಳೇ 11 ಲಕ್ಷಕ್ಕಿಂತ ಹೆಚ್ಚು. ಯಾರೂ ಬೇಟೆಯಾಡದ ಊರಿನಲ್ಲೂ ನರಿ ಇದ್ದಕ್ಕಿದ್ದಂತೆ ಒಂದೆರಡು ವರ್ಷದಲ್ಲಿ ಕಾಣೆಯಾಯಿತು ಎಂದು ಹಿರಿಯರು ಹೇಳಿದರೆ ಅದನ್ನು ರೋಗದ ಸುಳಿವಾಗಿ ತೆಗೆದುಕೊಳ್ಳಬೇಕು. ಬೇಟೆಯಿಂದಾಗುವ ಇಳಿಕೆ ನಿಧಾನ, ಉಳುಮೆಯಿಂದಾಗುವ ಇಳಿಕೆ ಜಾಗದಿಂದ ಜಾಗಕ್ಕೆ ಹರಡುವಂಥದ್ದು, ರೋಗ ಮಾತ್ರ ಒಮ್ಮೆಲೇ ಬಾಚಿಕೊಂಡು ಹೋಗುತ್ತದೆ. ನರಿ ಮುಖ ನೋಡಿದರೆ ಅದೃಷ್ಟ, ನರಿಕೊಂಬು ಇಟ್ಟುಕೊಂಡರೆ ಸಂಪತ್ತು ಎಂಬ ನಂಬಿಕೆಗಳಿಂದಲೂ ಈ ಪ್ರಾಣಿ ಪಟ್ಟ ಪಾಡು ಕಡಿಮೆಯಲ್ಲ. ನರಿಗೆ ಕೊಂಬೇ ಇಲ್ಲ, ಮಾರಾಟವಾಗುವುದೆಲ್ಲ ಮೋಸ.

ಮುಂಗುಸಿಗೆ ಬಂದ ಕುತ್ತು ದೂರದ ಪೇಟೆಯದು. ಚಿತ್ರ ಬಿಡಿಸುವ ಕುಂಚಕ್ಕೆ ಅದರ ಕೂದಲು ಬೇಕಾಗಿತ್ತು. 2002ರಲ್ಲಿ ಅದಕ್ಕೆ ಹೆಚ್ಚಿನ ಕಾನೂನು ರಕ್ಷಣೆ ಸಿಕ್ಕಿತು. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ‘ಕ್ಲೀನ್ ಆರ್ಟ್’ ಎಂಬ ಕಾರ್ಯಾಚರಣೆ ನಡೆಸಿ ದೇಶದ ಹಲವೆಡೆ ಕುಂಚಗಳನ್ನು ಜಪ್ತಿ ಮಾಡಿತು. ಮುಂಗುಸಿ ಮನುಷ್ಯರ ನಡುವೆ ಬದುಕಬಲ್ಲ ಪ್ರಾಣಿ. ಕಲಬುರಗಿ ನಗರದ ಖಾಲಿ ನಿವೇಶನ, ಕೋಟೆಯ ಕಂದಕ, ಕಾಲೇಜು ಆವರಣಗಳಲ್ಲಿ ಅದಕ್ಕೆ ನೆಲೆಯೂ ಇದೆ, ಆಹಾರವೂ ಇದೆ. ಗಂಜಿನ ದಾಲ್‌ಮಿಲ್ಲುಗಳ ಸುತ್ತ ಹೆಗ್ಗಣಕ್ಕೇನೂ ಬರವಿಲ್ಲ. ಹಳ್ಳಿಯಲ್ಲಿ ಕಡಿಮೆಯಾದ ಪ್ರಾಣಿ ನಗರದಲ್ಲಿ ಕಂಡಾಗ ಹೆಚ್ಚಾಗಿದೆ ಎಂದು ತಿಳಿಯುವುದು ಸಹಜ. ಇದು ಜಾಗ ಬದಲಾದ ಗುರುತೂ ಆಗಿರಬಹುದು.

ನೆನಪಿಗೂ ಒಂದು ಮಿತಿಯಿದೆ. ಪ್ರತಿ ತಲೆಮಾರೂ ತಾನು ಹುಡುಗನಾಗಿದ್ದಾಗ ಕಂಡದ್ದನ್ನೇ ಸಹಜ ಸ್ಥಿತಿ ಎಂದು ತಿಳಿಯುತ್ತದೆ. ಮೀನು ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಇದನ್ನು ಗುರುತಿಸಿ ಬರೆದರು. ಎಪ್ಪತ್ತು ದಾಟಿದವರಿಗೆ ಚಿಗರಿ ಹಿಂಡು, ತೋಳ, ನರಿ, ಮೊಲ ಎಲ್ಲವೂ ಇದ್ದ ಬಯಲು ನೆನಪಿರಬಹುದು. ಇಪ್ಪತ್ತೈದರ ಯುವಕನಿಗೆ ಮೂರು ಮೊಲ ಕಂಡರೆ ಅದೇ ಸಮೃದ್ಧಿ. ಆದ್ದರಿಂದ ಒಬ್ಬರ ಮಾತು ಸಾಲದು. ಒಂದೇ ಊರಿನ ಮೂರು ವಯಸ್ಸಿನವರನ್ನು ಬೇರೆಬೇರೆಯಾಗಿ ಕೇಳಿ ಹೋಲಿಸಬೇಕು. ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಸ್ಥಳೀಯರ ತಿಳಿವಳಿಕೆಯಿಂದಲೇ ದೊಡ್ಡ ಸಸ್ತನಿಗಳ ಮೂವತ್ತು ವರ್ಷಗಳ ಬದಲಾವಣೆಯನ್ನು ಲೆಕ್ಕಹಾಕಿದ ಅಧ್ಯಯನ 2011ರಲ್ಲಿ ಬಂದಿದೆ. ಒಣಭೂಮಿಯ ಸಣ್ಣ ಪ್ರಾಣಿಗಳಿಗೂ ಅದೇ ದಾರಿ ಹಿಡಿಯಲು ಅಡ್ಡಿಯಿಲ್ಲ.

ಅಡ್ಡಿ ಇರುವುದು ಭಯದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1991ರ ತಿದ್ದುಪಡಿಗಳ ನಂತರ ಪರವಾನಗಿ ಪಡೆದು ಬೇಟೆಯಾಡುವುದೂ ನಿಂತಿತು. ಮೊಲ ಹಿಡಿಯುವುದು ಅಪರಾಧ, ಅದು ಅಪರಾಧವಾಗಿಯೇ ಇರಬೇಕು. ಇರುವ ಮೊಲಗಳ ಸ್ಥಿತಿ ನೋಡಿದರೆ ಸಡಿಲಿಕೆಗೆ ಜಾಗವಿಲ್ಲ. ಆದರೆ ಕೇಸಿನ ಹೆದರಿಕೆಯಿಂದ ಹಿರಿಯರು ಬಾಯಿ ಬಿಡುವುದಿಲ್ಲ. ಹಳೆಯ ಹಣೆಪಟ್ಟಿಯ ನೋವು ಇನ್ನೂ ಮಾಸದ ಹರಣಶಿಕಾರಿ, ಪಾರ್ಧಿ ಮನೆಗಳಲ್ಲಂತೂ ಆ ಹೆದರಿಕೆಗೆ ನೂರು ವರ್ಷ ಮೀರಿದ ಕಾರಣವಿದೆ. ಅವರ ತಿಳಿವಳಿಕೆಯನ್ನು ಗೌರವದಿಂದ ಕೇಳುವ ವ್ಯವಸ್ಥೆ ಈಗಾಗಲೇ ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಹಲವು ಕಡೆ ಈ ದಾಖಲಾತಿ ಗಿಡಮರಗಳ ಪಟ್ಟಿಯಾಗಿ ಮುಗಿದಿದೆ. ಅದಕ್ಕೆ ಕೆಲವು ಪುಟ ಸೇರಿಸಿದರೆ ಸಾಕು: ಯಾವ ಹಳ್ಳದ ದಂಡೆಯಲ್ಲಿ ಯಾವ ಪ್ರಾಣಿ, ಯಾವ ಹಂಗಾಮಿನಲ್ಲಿ, ಯಾವ ವರ್ಷದವರೆಗೆ ಕಾಣುತ್ತಿತ್ತು, ಆ ವರ್ಷ ಮಳೆ ಹೇಗಿತ್ತು, ಗಾಯರಾಣ ಯಾವಾಗ ಉಳುಮೆಗೆ ಬಿತ್ತು. ಹೇಳಿದವರ ಹೆಸರು ಬರೆಯಬೇಕಾಗಿಲ್ಲ. ಕಮಲಾಪುರ ತಾಲ್ಲೂಕಿನ ಪಂಚಾಯಿತಿಗಳು, ಕಲಬುರಗಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಮತ್ತು ಅರಣ್ಯ ಇಲಾಖೆ ಒಟ್ಟಾಗಿ ಬರುವ ರಾಶಿಯ ಹಂಗಾಮಿನಲ್ಲೇ ಈ ಕೆಲಸ ಶುರುಮಾಡಬೇಕು. ಬಿಲ, ಹಿಕ್ಕೆ, ಹೆಜ್ಜೆ ಓದಬಲ್ಲ ಹಿರಿಯರು ಇನ್ನೂ ಊರಲ್ಲಿರುವಾಗಲೇ.